ಕೋಗಿಲೆ ಕೂಗಿದರೆ ವಸಂತ ಬಂದಂತೆಯೇ?

ಓದುಗರ ಪ್ರಶ್ನೆ: ಯುಗಾದಿ ಇನ್ನೂ ದೂರವಿರುವಾಗಲೇ ನಮ್ಮ ಬೀದಿಯಲ್ಲಿ ಕೋಗಿಲೆ ಕೂಗಲು ಶುರುಮಾಡುತ್ತದೆ. ಅದನ್ನು ವಸಂತದ ಮೊದಲ ಗುರುತು ಅಂತ ತಿಳಿಯಬಹುದೇ? ಬೇರೆ ಯಾವ ಪ್ರಾಣಿಪಕ್ಷಿಗಳನ್ನು ಗಮನಿಸಬೇಕು?

ಉತ್ತರ: ಕೋಗಿಲೆಯೊಂದನ್ನೇ ನಂಬಬೇಡಿ. ಅದು ವಸಂತಕ್ಕೆಂದು ಎಲ್ಲಿಂದಲೋ ಬರುವ ಹಕ್ಕಿಯಲ್ಲ, ವರ್ಷವಿಡೀ ನಮ್ಮ ಆಲ, ಅತ್ತಿ ಮರಗಳ ಎಲೆಮರೆಯಲ್ಲೇ ಇರುತ್ತದೆ. ಚಳಿಗಾಲದಲ್ಲಿ ಬಾಯಿ ಬಿಡುವುದು ಕಡಿಮೆ, ಹಾಗಾಗಿ ಇಲ್ಲವೆಂದುಕೊಳ್ಳುತ್ತೇವೆ. ಜನವರಿಯಲ್ಲಿ ಆಗೊಮ್ಮೆ ಈಗೊಮ್ಮೆ ಕೇಳುವ ಕೂಗಿನಿಂದ ಏನನ್ನೂ ತೀರ್ಮಾನಿಸಲಾಗದು. ನಸುಕಿನಲ್ಲೇ ದನಿ ಏರಿಸುತ್ತಾ ಬಿಡದೆ ಕೂಗುವ ಕರಿಯ ಗಂಡು, ಅದರ ಜೊತೆಗೆ ಕಿಕ್-ಕಿಕ್-ಕಿಕ್ ಎನ್ನುವ ಕಂದುಬಣ್ಣದ, ಚುಕ್ಕೆ ಮೈಯ ಹೆಣ್ಣು, ಇವೆರಡೂ ದಿನಾ ಕೇಳಿಸತೊಡಗಿದಾಗ ಲೆಕ್ಕಕ್ಕೆ ಹಿಡಿಯಿರಿ. ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕೆಂದರೆ ಕಾಗೆಯನ್ನು ನೋಡಿ. ಕೋಗಿಲೆ ಮೊಟ್ಟೆಯಿಡುವುದು ಕಾಗೆಯ ಗೂಡಿನಲ್ಲಿ. ಕಾಗೆ ಕಡ್ಡಿ ಕಚ್ಚಿಕೊಂಡು ಒಂದೇ ಮರಕ್ಕೆ ಹೋಗಿ ಬರುತ್ತಿದ್ದರೆ ಕೋಗಿಲೆಯ ಕೆಲಸವೂ ಶುರುವಾಗುವುದರಲ್ಲಿದೆ.

ಇನ್ನು ಯುಗಾದಿಯ ವಿಷಯ. 2024ರಲ್ಲಿ ಅದು ಬಂದದ್ದು ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಚಾಂದ್ರಮಾನದ ಹಬ್ಬ ಹೀಗೆ ಹಿಂದೆ ಮುಂದೆ ಸರಿಯುತ್ತದೆ, ಹಕ್ಕಿಗಳು ಅದಕ್ಕೆ ಕಾಯುವುದಿಲ್ಲ. ಹಗಲು ಉದ್ದವಾಗುವುದು ಅವಕ್ಕೆ ಒಂದು ಸೂಚನೆ. ಆದರೆ ಬೆಂಗಳೂರಿನಂಥ ಊರಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಯುರೋಪಿನ ಹಾಗೆ ಹಿಮ ಕರಗಿ ಎಲ್ಲವೂ ಒಮ್ಮೆಗೇ ಎದ್ದು ಕೂರುವ ವಸಂತ ನಮ್ಮದಲ್ಲ. ಇಲ್ಲಿ ಹೂವು, ಹುಳುಹುಪ್ಪಟೆ, ಕೆರೆಯ ನೀರು ಇವುಗಳದ್ದೇ ದೊಡ್ಡ ಮಾತು.

ಆದ್ದರಿಂದ ನಾನು ಯಾರು ಕೇಳಿದರೂ ಹೇಳುವುದು ಒಂದೇ: ಹಕ್ಕಿಯನ್ನು ಹುಡುಕುವ ಮೊದಲು ಒಂದು ಮರ ಆರಿಸಿಕೊಳ್ಳಿ. ಬೂರುಗವೋ ಮುತ್ತುಗವೋ ಸಿಕ್ಕರೆ ನಿಮ್ಮ ಪುಣ್ಯ. ಎರಡೂ ಎಲೆ ಉದುರಿಸಿ ಬೋಳಾಗಿ ನಿಂತು, ಫೆಬ್ರವರಿ-ಮಾರ್ಚ್ ಹೊತ್ತಿಗೆ ಕೊಂಬೆ ತುಂಬ ಕೆಂಪು ಹೂ ಹೊರುತ್ತವೆ. ಬೆಳಿಗ್ಗೆ ಏಳರ ಸುಮಾರಿಗೆ ಅದರ ಕೆಳಗೆ ಅರ್ಧ ಗಂಟೆ ನಿಂತರೆ ಗೊರವಂಕ, ಕಾಜಾಣ, ಪಿಕಳಾರ, ಗಿಳಿ, ಅಳಿಲು ಎಲ್ಲವೂ ಮಕರಂದಕ್ಕಾಗಿ ಬಂದು ಹೋಗುವುದನ್ನು ಕಾಣಬಹುದು. ಎಲೆಯಿಲ್ಲದ ಕಾರಣ ಯಾವುದೂ ಮರೆಯಾಗುವುದಿಲ್ಲ, ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕಾಡಿನಲ್ಲಾದರೆ ಬೂರುಗದ ಉದುರಿದ ಹೂ ತಿನ್ನಲು ಜಿಂಕೆಗಳೂ ಬರುತ್ತವೆ.

ಈ ಮರಗಳಿಗೆ ಬರುವ ಸೂರಕ್ಕಿಯನ್ನು (ಸನ್‌ಬರ್ಡ್) ಸ್ವಲ್ಪ ಹತ್ತಿರದಿಂದ ನೋಡಿ. ನೇರಳೆ ಸೂರಕ್ಕಿಯ ಗಂಡು ಮರಿ ಮಾಡುವ ಕಾಲ ಮುಗಿದ ಮೇಲೆ ಹೆಣ್ಣಿನಂತೆಯೇ ಮಂಕಾಗಿ, ಹೊಟ್ಟೆ ಹಳದಿಯಾಗಿ ಕಾಣುತ್ತದೆ. ಗಂಟಲಿನಿಂದ ಎದೆಯವರೆಗೆ ನಡುವೆ ಒಂದು ಕಪ್ಪು ಗೆರೆ ಮಾತ್ರ ಉಳಿದಿರುತ್ತದೆ. ಮತ್ತೆ ಮರಿ ಮಾಡುವ ಕಾಲ ಹತ್ತಿರವಾದಾಗ ಗರಿ ಬದಲಾಗತೊಡಗುತ್ತದೆ. ಹಳದಿಯ ನಡುವೆ ಅಲ್ಲೊಂದು ಇಲ್ಲೊಂದು ಕಪ್ಪು ತೇಪೆ, ಬಿಸಿಲು ಬಿದ್ದರೆ ಅದರಲ್ಲಿ ನೀಲಿ-ನೇರಳೆ ಹೊಳಪು. ಕೆಲವೇ ವಾರಗಳಲ್ಲಿ ಇಡೀ ಹಕ್ಕಿ ಕಪ್ಪಗೆ ಮಿರುಗುತ್ತದೆ. ಋತು ಬದಲಾಗುವುದನ್ನು ಒಂದು ಹಕ್ಕಿಯ ಮೈಮೇಲೆಯೇ ನೋಡಬೇಕೆಂದರೆ ಈ ತೇಪೆ ಬಿದ್ದ ಗಂಡನ್ನು ಹುಡುಕಿ. ಕೋಗಿಲೆಯ ಕೂಗಿಗಿಂತ ನನಗೆ ಇದರ ಮೇಲೆಯೇ ಭರವಸೆ ಹೆಚ್ಚು.

ಕಿವಿಗೆ ಸಿಗುವ ಗುರುತುಗಳಲ್ಲಿ ನನ್ನ ಮೊದಲ ಆಯ್ಕೆ ಮಡಿವಾಳ ಹಕ್ಕಿ. ಚಳಿಗಾಲವಿಡೀ ಪೊದೆಯಲ್ಲಿ ಚುರ್ ಎಂದು ಗದರುತ್ತಾ ಓಡಾಡಿಕೊಂಡಿದ್ದ ಈ ಕಪ್ಪು-ಬಿಳಿ ಹಕ್ಕಿ, ಬೇಸಿಗೆ ಕಾಲಿಡುವಾಗ ಬೆಳಕು ಹರಿಯುವ ಮೊದಲೇ ಕರೆಂಟ್ ತಂತಿಯ ಮೇಲೋ ಟೆರೇಸಿನ ಅಂಚಿನಲ್ಲೋ ಕೂತು ಸಿಳ್ಳೆ ಹಾಕಿ ಹಾಡುತ್ತದೆ. ಬಿಸಿಲೇರಿದ ಮೇಲೆ ಟೊಂಕ್, ಟೊಂಕ್ ಎಂದು ತಾಮ್ರದ ಪಾತ್ರೆ ಬಡಿದಂತೆ ಕೇಳಿಸಿದರೆ ಅದು ಕಂಚುಕುಟಿಗ. ಪ್ರತಿ ಕೂಗಿಗೂ ತಲೆ ಅತ್ತಿತ್ತ ತಿರುಗಿಸುವುದರಿಂದ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ಒಣಗಿದ ತುದಿಕೊಂಬೆಗಳನ್ನು ಒಂದೊಂದಾಗಿ ನೋಡುತ್ತಾ ಬನ್ನಿ, ಗುಬ್ಬಚ್ಚಿಗಿಂತ ತುಸು ದೊಡ್ಡ ಹಸಿರು ಹಕ್ಕಿ ಸಿಗುತ್ತದೆ.

ಒಂದು ಎಚ್ಚರಿಕೆ. ಗೂಡು ಕಂಡ ಕೂಡಲೇ ವಸಂತ ಎನ್ನಲಾಗದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಚಳಿಗಾಲದಲ್ಲೇ ಗೂಡು ಕಟ್ಟುತ್ತವೆ. ಕೆರೆಯ ಮೀನು, ನೀರಿನ ಲೆಕ್ಕ ಅವುಗಳದ್ದು.

ಬರುವವರಷ್ಟೇ ಅಲ್ಲ, ಹೊರಟು ಹೋಗುವವರನ್ನೂ ಗಮನಿಸಿ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆ ಹೆಬ್ಬಾತುಗಳು ಮಾರ್ಚ್ ಹೊತ್ತಿಗೆ ಹಿಮಾಲಯ ದಾಟಲು ಹೊರಡುತ್ತವೆ. ಗುಲಾಬಿ ಕಬ್ಬಕ್ಕಿಗಳು ಏಪ್ರಿಲ್‌ವರೆಗೂ ಇದ್ದು, ಆಮೇಲೆ ಮಧ್ಯ ಏಷ್ಯಾದ ಕಡೆ ಹಾರುತ್ತವೆ. ಹೋದ ದಿನ ನಮಗೆ ಗೊತ್ತಾಗುವುದೇ ಇಲ್ಲ, ಕೊನೆಯ ಬಾರಿ ಕಂಡ ತಾರೀಖು ಬರೆದಿಟ್ಟವರಿಗೆ ಮಾತ್ರ ತಿಳಿಯುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಮರದ ಮೊದಲ ಹೂ, ಮಡಿವಾಳದ ಮೊದಲ ಹಾಡು, ಕಾಗೆಯ ಮೊದಲ ಕಡ್ಡಿ ಇವುಗಳ ತಾರೀಖು ಬರೆಯಿರಿ. ಮರದ ದಾಖಲೆಯನ್ನು ಸೀಸನ್‌ವಾಚ್ ಎಂಬ ಜಾಲತಾಣದಲ್ಲಿ, ಹಕ್ಕಿಗಳದ್ದನ್ನು ಇ-ಬರ್ಡ್ ಎಂಬ ಜಾಲತಾಣದಲ್ಲಿ ಸೇರಿಸಬಹುದು, ಎರಡಕ್ಕೂ ದುಡ್ಡು ಕೊಡಬೇಕಿಲ್ಲ.