ಸಿಡುಕುವ ಕ್ವಾರ್ಟರ್‌ಬ್ಯಾಕ್ ತಂಡವನ್ನು ಮುನ್ನಡೆಸಬಲ್ಲನೇ?

2012ರ ಸೆಪ್ಟೆಂಬರ್ 13ರ ರಾತ್ರಿ ಗ್ರೀನ್ ಬೇ ನಗರದ ಲ್ಯಾಂಬೊ ಫೀಲ್ಡ್‌ನಲ್ಲಿ ನಡೆದ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಶಿಕಾಗೊ ಬೇರ್ಸ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ತಂಡದ ದಾಳಿಯನ್ನು ನಡೆಸುವ ಆಟಗಾರ, ಜೇ ಕಟ್ಲರ್ ಅವರನ್ನು ಎದುರಾಳಿಗಳು ಏಳು ಬಾರಿ ಕೆಡವಿದರು. ಅವರು ಎಸೆದ ನಾಲ್ಕು ಪಾಸ್‌ಗಳು ಎದುರಾಳಿಗಳ ಕೈಸೇರಿದವು. ತಮಗೆ ರಕ್ಷಣೆ ಕೊಡಬೇಕಿದ್ದ ಎಡಬದಿಯ ಟ್ಯಾಕಲ್ (ಎದುರಾಳಿಗಳನ್ನು ತಡೆಯುವ ಆಟಗಾರ) ಜೆಮಾರ್ಕಸ್ ವೆಬ್ ಅವರ ಮೇಲೆ ಕಟ್ಲರ್ ಮೈದಾನದಲ್ಲೇ ಹರಿಹಾಯ್ದು, ಭುಜದಿಂದ ಗುದ್ದಿಯೂ ಬಿಟ್ಟದ್ದನ್ನು ದೇಶವೇ ಟಿ.ವಿ.ಯಲ್ಲಿ ನೋಡಿತು. ಕಟ್ಲರ್ ಅವರ ತೋಳಿನ ಬಲದ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ. ಇಂಥ ಮುಂಗೋಪಿ ತಂಡವನ್ನು ನಡೆಸಬಲ್ಲರೇ ಎಂಬುದೇ ಚರ್ಚೆಯಾಗಿತ್ತು. ಆ ಚರ್ಚೆ ಬಹುಪಾಲು ಗುಣನಡತೆಯ ಸುತ್ತಲೇ ತಿರುಗಿತು. ನಾಯಕನ ಒರಟುತನದಿಂದ ತಂಡದೊಳಗೆ ಯಾವ ಮಾಹಿತಿ ಹರಿಯುತ್ತದೆ, ಯಾವುದು ನಿಂತುಹೋಗುತ್ತದೆ ಎಂದು ಕೇಳುವುದೇ ಹೆಚ್ಚು ಉಪಯುಕ್ತ ಎಂದು ನನಗನ್ನಿಸುತ್ತದೆ.

ಏಕೆಂದರೆ ಕ್ವಾರ್ಟರ್‌ಬ್ಯಾಕ್‌ನ ಕೆಲಸದಲ್ಲಿ ಚೆಂಡೆಸೆತಕ್ಕಿಂತ ಮಾಹಿತಿಯ ನಿರ್ವಹಣೆಯೇ ದೊಡ್ಡದು. ಅಮೆರಿಕದ ವೃತ್ತಿಪರ ಲೀಗ್‌ನಲ್ಲಿ ಅವನ ಹೆಲ್ಮೆಟ್‌ನೊಳಗಿನ ಸ್ಪೀಕರ್‌ನಲ್ಲಿ ತರಬೇತುದಾರರ ಸೂಚನೆ ಕೇಳಿಸುತ್ತದೆಯಾದರೂ, ಮುಂದಿನ ಆಟ ಆರಂಭವಾಗಲು ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ಸಂಪರ್ಕ ಕಡಿದುಹೋಗುತ್ತದೆ. ಅಲ್ಲಿಂದಾಚೆಗೆ ಎದುರಾಳಿಗಳು ಎಲ್ಲಿ ನಿಂತಿದ್ದಾರೆ, ಯಾರು ನುಗ್ಗಿ ಬರುವ ಸೂಚನೆ ಇದೆ ಎಂಬುದನ್ನು ಅವನು ಮತ್ತು ಅವನಿಗೆ ಚೆಂಡು ಕೊಡುವ ಸೆಂಟರ್ ಕೂಗಿ ಹಂಚಿಕೊಳ್ಳಬೇಕು. ಮುಂದಿನ ಸಾಲಿನಲ್ಲಿ ನಿಂತು ತಡೆಯೊಡ್ಡುವ ಒಬ್ಬ ಲೈನ್‌ಮನ್ ತನ್ನ ಎದುರಾಳಿಯನ್ನು ಒಂಟಿಯಾಗಿ ತಡೆಯಲು ಆಗುತ್ತಿಲ್ಲವೆಂದು ಹೇಳಲು ಹಿಂಜರಿದರೆ, ಅದರ ಪೆಟ್ಟು ಬೀಳುವುದು ಕ್ವಾರ್ಟರ್‌ಬ್ಯಾಕ್‌ನ ಬೆನ್ನಿಗೇ.

ಈ ಹಿಂಜರಿಕೆಯನ್ನು ಅರ್ಥ ಮಾಡಿಕೊಳ್ಳಲು ನೆರವಾಗುವ ಪ್ರಯೋಗವೊಂದು ನಡೆದದ್ದು ಇಸ್ರೇಲ್‌ನ ನವಜಾತ ಶಿಶು ತೀವ್ರ ನಿಗಾ ಘಟಕಗಳ ಸಿಬ್ಬಂದಿಯ ಮೇಲೆ. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಅವಧಿಗೆ ಮುನ್ನ ಹುಟ್ಟಿದ ಮಗುವಿನ ಸ್ಥಿತಿ ದಿಢೀರನೆ ಹದಗೆಡುವ ಅಣಕು ಸನ್ನಿವೇಶವನ್ನು ವೈದ್ಯರು ಮತ್ತು ದಾದಿಯರಿದ್ದ 24 ತಂಡಗಳಿಗೆ ಕೊಡಲಾಯಿತು. ಕೆಲವು ತಂಡಗಳಿಗೆ ವಿದೇಶಿ ತಜ್ಞರೊಬ್ಬರು, ತಂಡದ ಕೆಲಸಕ್ಕೆ ಸಂಬಂಧವೇ ಇಲ್ಲದಂತೆ, ಇಸ್ರೇಲ್‌ನ ವೈದ್ಯಕೀಯದ ಗುಣಮಟ್ಟವನ್ನು ಹೀಗಳೆದು ಮಾತನಾಡಿದರು. ಉಳಿದ ತಂಡಗಳಿಗೆ ಸಾಧಾರಣ ಮಾತುಗಳಷ್ಟೇ ಕೇಳಿಸಿದವು. ಯಾವ ತಂಡಕ್ಕೆ ಏನು ಹೇಳಲಾಗಿದೆ ಎಂಬುದು ಗೊತ್ತಿಲ್ಲದ ಪರಿಣತರು ವಿಡಿಯೊ ನೋಡಿ ಅಂಕ ಕೊಟ್ಟಾಗ, ಹೀಗಳಿಕೆ ಕೇಳಿಸಿಕೊಂಡ ತಂಡಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆಯ ಕ್ರಮಗಳಲ್ಲೂ ಹಿಂದೆ ಬಿದ್ದಿದ್ದವು. ಆ ತಂಡಗಳಲ್ಲಿ ಮಾಹಿತಿ ಹಂಚಿಕೊಳ್ಳುವುದೂ ಪರಸ್ಪರ ನೆರವು ಕೇಳುವುದೂ ಕುಗ್ಗಿದ್ದು ಇದಕ್ಕೆ ಮುಖ್ಯ ಕಾರಣವಾಗಿ ಕಂಡುಬಂತು. ಅಲ್ಲಿ ಒರಟಾಗಿ ಮಾತನಾಡಿದವರು ಹೊರಗಿನವರು, ಜೊತೆಯ ಆಟಗಾರರಲ್ಲ ಎಂಬ ವ್ಯತ್ಯಾಸವನ್ನು ಮರೆಯುವಂತಿಲ್ಲ. ಆದರೂ ಎರಡು ಕಟು ಮಾತು ಇಷ್ಟು ಮಾಡಬಲ್ಲದಾದರೆ ಋತುವಿಡೀ ನಡೆಯುವ ಸಿಡುಕು ಏನು ಮಾಡೀತೆಂದು ಊಹಿಸಬಹುದು.

ಹಾಗೆಂದು ಕೋಪವೆಲ್ಲ ನಷ್ಟವಲ್ಲ. ಸಂಶೋಧಕ ಬ್ಯಾರಿ ಸ್ಟಾ ಮತ್ತು ಸಂಗಡಿಗರು 23 ಶಾಲಾ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳ ತರಬೇತುದಾರರು ವಿರಾಮದ ವೇಳೆ ಆಡಿದ 304 ಭಾಷಣಗಳನ್ನು ಪರಿಶೀಲಿಸಿದಾಗ, ಕಟುವಾದ ಮಾತಿನ ನಂತರ ದ್ವಿತೀಯಾರ್ಧದ ಆಟ ಸುಧಾರಿಸಿದ್ದು ಕಂಡುಬಂತು. ಆದರೆ ಕಟುತ್ವ ಒಂದು ಮಿತಿ ದಾಟಿದ ಮೇಲೆ ಲಾಭ ಇಳಿಮುಖವಾಯಿತು. ಡಚ್ ಮನೋವಿಜ್ಞಾನಿ ಗೆರ್ಬೆನ್ ವಾನ್ ಕ್ಲೀಫ್ ಅವರ ಪ್ರಯೋಗಗಳು ಇನ್ನೊಂದು ಸೂಕ್ಷ್ಮವನ್ನು ತೋರಿಸಿವೆ. ವಿಷಯವನ್ನು ಕೆದಕಿ ತಿಳಿಯುವ ಮನಸ್ಸಿರುವ ತಂಡಕ್ಕೆ ನಾಯಕನ ಕೋಪ ‘ಕೆಲಸ ಸಾಲದು’ ಎಂಬ ಮಾಹಿತಿಯಾಗಿ ಮುಟ್ಟುತ್ತದೆ. ಸೌಹಾರ್ದವೇ ದೊಡ್ಡದೆನ್ನುವ ಸ್ವಭಾವದವರ ತಂಡಕ್ಕೆ ಅದೇ ಕೋಪ ಒತ್ತಡವಾಗಿ ಕೂತು ಕೆಲಸ ಕೆಡಿಸುತ್ತದೆ.

ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ ಪೇಟನ್ ಮ್ಯಾನಿಂಗ್ ಕೂಡ ಸಹ ಆಟಗಾರರನ್ನು ತರಾಟೆಗೆ ತೆಗೆದುಕೊಳ್ಳುವುದರಲ್ಲಿ ಕಡಿಮೆಯವರೇನಲ್ಲ. 2005ರಲ್ಲಿ ಮೈದಾನದಂಚಿನ ಬೆಂಚಿನ ಬಳಿ ಅವರಿಗೂ ಸೆಂಟರ್ ಜೆಫ್ ಸ್ಯಾಟರ್ಡೇ ಅವರಿಗೂ ಭಾರಿ ಜಗಳವಾಯಿತು. ವೆಬ್ ಪ್ರಕರಣದಿಂದ ಇದನ್ನು ಬೇರೆ ಮಾಡುವುದು ದನಿಯ ಏರಿಳಿತವಲ್ಲ. ಇಲ್ಲಿ ಜಗಳ ಆಟದ ತಂತ್ರದ ಬಗ್ಗೆ ಇತ್ತು, ಸ್ಯಾಟರ್ಡೇ ಅಷ್ಟೇ ಜೋರಾಗಿ ತಿರುಗಿ ಮಾತನಾಡಿದ್ದರು. 2007ರ ಫೆಬ್ರುವರಿಯಲ್ಲಿ ಇದೇ ಜೋಡಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು. ಬಯ್ದವರಿಗೆ ತಿರುಗಿ ಬಯ್ಯುವ ಅವಕಾಶ ಉಳಿದಿರುವಲ್ಲಿ ಮಾಹಿತಿಯ ದಾರಿಯೂ ತೆರೆದಿರುತ್ತದೆ ಎಂಬುದು ನನ್ನ ಅನಿಸಿಕೆ.

ಇನ್ನು ತಂಡದ ಸಹನೆಯ ಮಾತು. ಮನೋವಿಜ್ಞಾನಿ ಎಡ್ವಿನ್ ಹಾಲಂಡರ್ 1958ರಲ್ಲೇ ವಿವರಿಸಿದಂತೆ, ಗುಂಪಿಗೆ ಉಪಕಾರಿಯಾದ ಸದಸ್ಯನ ಲೆಕ್ಕದಲ್ಲಿ ಒಂದು ಬಗೆಯ ಜಮೆ ಬೆಳೆಯುತ್ತದೆ. ಅವನ ವಿಚಿತ್ರ ವರ್ತನೆಗಳನ್ನು ಗುಂಪು ಆ ಜಮೆಯಿಂದ ಕಳೆದುಕೊಳ್ಳುತ್ತ ಹೋಗುತ್ತದೆ. ಮ್ಯಾನಿಂಗ್ ಅವರಿಗೆ ಗೆಲುವುಗಳ ಜಮೆ ಧಾರಾಳವಾಗಿತ್ತು. ಕಟ್ಲರ್ ಶಿಕಾಗೊದಲ್ಲಿ ಕಳೆದ ಎಂಟು ಋತುಗಳಲ್ಲಿ ತಂಡ ಪ್ಲೇಆಫ್ (ಲೀಗ್ ಹಂತದ ನಂತರದ ನಾಕೌಟ್ ಸುತ್ತು) ತಲುಪಿದ್ದು ಒಮ್ಮೆ ಮಾತ್ರ. ಅದಕ್ಕೆ ಅವರ ಸ್ವಭಾವವೊಂದೇ ಕಾರಣವೆನ್ನಲಾಗದು, ಅಷ್ಟರಲ್ಲಿ ಅವರು ಮೂವರು ಮುಖ್ಯ ತರಬೇತುದಾರರ ಕೈಕೆಳಗೆ ಆಡಬೇಕಾಯಿತು. ಆ ಒಂದೇ ಪ್ಲೇಆಫ್ ಓಟದ ಕೊನೆಗೆ, 2011ರ ಜನವರಿಯಲ್ಲಿ, ಅವರು ಮೊಣಕಾಲಿನ ನೋವಿನಿಂದ ಹೊರಗುಳಿದಾಗ ಬೇರೆ ತಂಡಗಳ ಆಟಗಾರರೇ ಟ್ವಿಟರ್‌ನಲ್ಲಿ ಅವರ ಕೆಚ್ಚನ್ನು ಪ್ರಶ್ನಿಸಿದರು. ಬಳಿಕದ ಸ್ಕ್ಯಾನ್‌ನಲ್ಲಿ ಅಸ್ಥಿರಜ್ಜುವಿಗೆ ಪೆಟ್ಟಾಗಿರುವುದು ಖಚಿತವಾಯಿತು. ಆಗ ಕಟ್ಲರ್ ಪರವಾಗಿ ಗಟ್ಟಿಯಾಗಿ ಮಾತನಾಡಿದವರಲ್ಲಿ ಬೇರ್ಸ್ ತಂಡದ ಹಿರಿಯ ಲೈನ್‌ಬ್ಯಾಕರ್ (ರಕ್ಷಣಾ ಆಟಗಾರ) ಬ್ರಯಾನ್ ಅರ್ಲಾಕರ್ ಒಬ್ಬರು. ಹಾಗಾಗಿ ಟಿ.ವಿ. ಪರದೆಯ ಮೇಲೆ ಕಾಣುವ ಸಿಡುಕಿನಿಂದ ತಂಡದೊಳಗಿನ ಜಮೆಯನ್ನು ಅಳೆಯುವುದು ಹೊರಗಿನವರಿಗೆ ಅಷ್ಟು ಸುಲಭವಲ್ಲ.