ಭೂಮಿ ವಾಲಿತೇ? ಅಕ್ಷದ ಓಲಾಟದ ಹಿನ್ನೆಲೆ

ಅಂತರ್ಜಲವನ್ನು ಮಿತಿಮೀರಿ ಮೇಲೆತ್ತಿದ ಪರಿಣಾಮವಾಗಿ 1993ರಿಂದ 2010ರೊಳಗೆ ಭೂಮಿಯ ಧ್ರುವವು ಸುಮಾರು 80 ಸೆಂಟಿಮೀಟರ್ ಪೂರ್ವಕ್ಕೆ ಸರಿದಿದೆ ಎಂಬ ಅಧ್ಯಯನ 2023ರಲ್ಲಿ ಪ್ರಕಟವಾದಾಗ, ಭೂಮಿಯೇ ವಾಲಿತೆಂಬ ಧಾಟಿಯ ಸುದ್ದಿಗಳು ಹರಡಿದವು. ಆದರೆ ಋತುಗಳಿಗೆ ಕಾರಣವಾದ 23.4 ಡಿಗ್ರಿಯ ಓರೆಗೂ ಈ ಸರಿದಾಟಕ್ಕೂ ಸಂಬಂಧವಿಲ್ಲ. ಅಕ್ಷವು ನಕ್ಷತ್ರಗಳ ನಡುವೆ ದಿಕ್ಕು ಬದಲಿಸುವುದು ಒಂದು ಚಲನೆ. ಆ ಅಕ್ಷ ನೆಲವನ್ನು ಸಂಧಿಸುವ ಬಿಂದು ಭೂಮಿಯ ಮೈಮೇಲೆಯೇ ಅತ್ತಿತ್ತ ಸರಿಯುವುದು ಬೇರೆಯೇ ಚಲನೆ.

ಮೊದಲನೆಯದು ಹಳೆಯ ಕಥೆ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್ ಗುರುತಿಸಿದ, ಸುಮಾರು 26,000 ವರ್ಷಗಳಿಗೊಂದು ಸುತ್ತು ಮುಗಿಸುವ ಅಯನ ಚಲನೆಗೆ 1687ರಲ್ಲಿ ನ್ಯೂಟನ್ ಸೂರ್ಯಚಂದ್ರರ ಸೆಳೆತದ ಕಾರಣ ಕೊಟ್ಟರು. ಅದರ ಮೇಲೆ 18.6 ವರ್ಷಗಳ ಸಣ್ಣ ತುಯ್ತವೂ ಇದೆಯೆಂದು 1748ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಬ್ರಾಡ್ಲಿ ತೋರಿಸಿದರು.

ಎರಡನೆಯದು ಅಷ್ಟು ಸುಲಭವಾಗಿ ಕೈಗೆ ಸಿಗಲಿಲ್ಲ. ಭೂಮಿ ಪೂರ್ಣ ಗಟ್ಟಿಯಾಗಿದ್ದರೆ ಧ್ರುವವು ಸುಮಾರು 305 ದಿನಗಳಿಗೊಮ್ಮೆ ಸುತ್ತಬೇಕೆಂದು ಗಣಿತಜ್ಞ ಆಯ್ಲರ್ ಹದಿನೆಂಟನೆಯ ಶತಮಾನದಲ್ಲೇ ಲೆಕ್ಕ ಹಾಕಿದ್ದರು. ಎಲ್ಲರೂ ಆ ಅವಧಿಯನ್ನೇ ಹುಡುಕಿದ್ದರಿಂದ ಯಾರಿಗೂ ಏನೂ ಕಾಣಲಿಲ್ಲ. 1880ರ ದಶಕದಲ್ಲಿ ಬರ್ಲಿನ್ನಿನ ಖಗೋಳಜ್ಞ ಕುಸ್ಟ್ನರ್ ತಮ್ಮ ವೀಕ್ಷಣಾಲಯದ ಅಕ್ಷಾಂಶವೇ, ಅಂದರೆ ಧ್ರುವದಿಂದ ಅದಕ್ಕಿರುವ ಅಂತರವೇ, ಬದಲಾಗುತ್ತಿರುವುದನ್ನು ಕಂಡರು. 1891ರಲ್ಲಿ ಅಮೆರಿಕದ ಚಾಂಡ್ಲರ್, ಆಯ್ಲರ್ ಲೆಕ್ಕವನ್ನು ಬದಿಗಿಟ್ಟು ದಾಖಲೆಗಳನ್ನಷ್ಟೇ ನೋಡಿ, ಅವಧಿ ಸುಮಾರು 14 ತಿಂಗಳೆಂದು ಹೇಳಿದರು. ಭೂಮಿ ಕೊಂಚ ಬಾಗುತ್ತದೆ, ಸಾಗರವೂ ಅದರೊಡನೆ ಕದಲುತ್ತದೆ; ಆದ್ದರಿಂದಲೇ ಅವಧಿ ಹಿಗ್ಗಿದೆ ಎಂಬ ವಿವರಣೆ ಅಮೆರಿಕದ ಖಗೋಳಜ್ಞ ನ್ಯೂಕೂಂಬ್ ಅವರಿಂದ ಬಂತು.

ಇದನ್ನು ಬೆನ್ನಟ್ಟಲು 1899ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಅಕ್ಷಾಂಶ ಸೇವೆಯ ಆರೂ ಕೇಂದ್ರಗಳನ್ನು ಒಂದೇ ಅಕ್ಷಾಂಶದಲ್ಲಿ, ಅಂದರೆ ಉತ್ತರಕ್ಕೆ 39 ಡಿಗ್ರಿ 8 ಮಿನಿಟಿನಲ್ಲಿ, ಸ್ಥಾಪಿಸಲಾಯಿತು. ಎಲ್ಲ ಕಡೆಯೂ ಅವೇ ನಕ್ಷತ್ರಗಳು ನೆತ್ತಿಯ ಬಳಿ ಹಾಯುವುದರಿಂದ ನಕ್ಷತ್ರಪಟ್ಟಿಯ ದೋಷಗಳು ತಾವಾಗಿಯೇ ಕಳೆದುಹೋಗುತ್ತವೆ. ಇದಕ್ಕಿಂತ ಜಾಣ ಏರ್ಪಾಡು ಆ ಕಾಲದಲ್ಲಿ ಸಾಧ್ಯವಿರಲಿಲ್ಲ. ಜಪಾನಿನ ಮಿಜುಸಾವಾ ಕೇಂದ್ರದ ಅಳತೆಗಳು ಉಳಿದವುಗಳಿಗೆ ಹೊಂದುತ್ತಿಲ್ಲವೆಂಬ ಆಕ್ಷೇಪ ಬಂದಾಗ, ಅಲ್ಲಿನ ಕಿಮುರಾ ಎಲ್ಲ ಕೇಂದ್ರಗಳ ಅಂಕಿಗಳನ್ನೂ ಮತ್ತೆ ತಿರುವಿಹಾಕಿ, ಧ್ರುವದ ಚಲನೆಯನ್ನು ಲೆಕ್ಕಹಾಕುವ ಗಣಿತ ಸೂತ್ರದಲ್ಲೇ ಒಂದು ಪದ ಬಿಟ್ಟುಹೋಗಿದೆಯೆಂದು 1902ರಲ್ಲಿ ತೋರಿಸಿದರು. ಅದರ ಮೂಲ ಭೂಮಿಯ ದ್ರವರೂಪದ ತಿರುಳಿನಲ್ಲಿದೆ ಎಂಬುದು ಸ್ಪಷ್ಟವಾಗಲು ಸುಮಾರು 70 ವರ್ಷ ಹಿಡಿಯಿತು.

ದಾಖಲೆ ಬೆಳೆದಂತೆ, ಕೆಲವು ಮೀಟರುಗಳ ಈ ಸುತ್ತಾಟದ ಅಡಿಯಲ್ಲಿ ವರ್ಷಕ್ಕೆ ಸುಮಾರು 10 ಸೆಂಟಿಮೀಟರಿನ ನಿಧಾನ ಸರಿತವೂ ಕಂಡಿತು. ಹಿಮಯುಗದ ಭಾರ ಇಳಿದ ನೆಲ ಇಂದಿಗೂ ಮೇಲೇಳುತ್ತಿರುವುದು ಅದಕ್ಕೊಂದು ಮುಖ್ಯ ಕಾರಣ. 2000ದ ಆಸುಪಾಸಿನಲ್ಲಿ ಈ ಸರಿತ ಪೂರ್ವಕ್ಕೆ ಹೊರಳಿತು. ಕರಗುವ ಹಿಮ ಮತ್ತು ಬರಿದಾಗುವ ಅಂತರ್ಜಲದ ಪಾತ್ರ ಚರ್ಚೆಗೆ ಬಂದದ್ದು ಇಲ್ಲಿಂದ.

ಚಾಂಡ್ಲರ್ ಕಂಡ ಆ 14 ತಿಂಗಳ ಓಲಾಟವಂತೂ ಕಳೆದ ದಶಕದಲ್ಲಿ ತೀರಾ ಕುಗ್ಗಿದೆ. 1920ರ ದಶಕದಲ್ಲೂ ಅದು ಹೀಗೆ ಕುಗ್ಗಿತ್ತೆಂದು ತಿಳಿದಿರುವುದು ಆಗ ಬಾಗಿಲು ಮುಚ್ಚದೆ ಉಳಿದ ಕೇಂದ್ರಗಳ ದಾಖಲೆಗಳಿಂದ. ಅಮೆರಿಕದ ಗೇಥರ್ಸ್‌ಬರ್ಗ್ ಕೇಂದ್ರ ಹಣವಿಲ್ಲದೆ 1914ರಿಂದ 1932ರವರೆಗೆ ಮುಚ್ಚಿತ್ತು.