ಗಾಳಿಯಿಂದ ಗಟ್ಟಿಯಾಗುವ ಎಣ್ಣೆ: ಆಯಿಲ್‌ಸ್ಕಿನ್ ಉಡುಪಿನ ಕತೆ

ಅಡುಗೆಮನೆಯ ಎಣ್ಣೆಗಳು ನೋಡಲು ಒಂದೇ ಬಗೆಯಾಗಿ ಕಂಡರೂ ಗಾಳಿಗೆ ತೆರೆದಿಟ್ಟಾಗ ಅವುಗಳ ಗುಣ ಬೇರೆ ಬೇರೆ. ಹತ್ತಿಬಟ್ಟೆಯೊಂದಕ್ಕೆ ಕೊಬ್ಬರಿ ಎಣ್ಣೆ ಸವರಿ ನೆರಳಿನಲ್ಲಿ ನೇತುಹಾಕಿದರೆ ತಿಂಗಳು ಕಳೆದರೂ ಅದು ಜಿಡ್ಡುಬಟ್ಟೆಯಾಗಿಯೇ ಇರುತ್ತದೆ. ಅದೇ ಬಟ್ಟೆಗೆ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿದರೆ ಕೆಲವು ದಿನಗಳಲ್ಲಿ ಜಿಡ್ಡು ಮಾಯವಾಗಿ, ಹಳದಿ ಛಾಯೆಯ, ಬಾಗಿಸಿದರೆ ಬಾಗುವ, ನೀರನ್ನು ಒಳಗೆ ಬಿಡದ ಒಂದು ಪೊರೆ ಉಳಿಯುತ್ತದೆ. ಉತ್ತರ ಅಟ್ಲಾಂಟಿಕ್ ಸಾಗರದ ಮೀನುಗಾರರು, ಹಾಯಿಹಡಗುಗಳ ನಾವಿಕರು, ಬಂದರಿನ ಹಮಾಲರು ಮತ್ತು ಅಮೆರಿಕದ ದನಗಾಹಿಗಳು ತಲೆಮಾರುಗಳ ಕಾಲ ಮಳೆಯಲ್ಲಿ ದುಡಿದದ್ದು ಈ ಪೊರೆಯನ್ನು ಮೈಮೇಲೆ ಹೊದ್ದುಕೊಂಡು. ಆಯಿಲ್‌ಸ್ಕಿನ್ ಎಂಬ ಆ ಎಣ್ಣೆಬಟ್ಟೆಯ ಉಡುಪಿನಿಂದ ಸಿಕ್ಕ ರಕ್ಷಣೆ ಮತ್ತು ಅದರಿಂದಾದ ಕಾಟ, ಎರಡೂ ಒಂದೇ ರಾಸಾಯನಿಕ ಕ್ರಿಯೆಯಿಂದ ಹುಟ್ಟಿದವು ಎಂಬುದು ನನಗೆ ಈ ಇತಿಹಾಸದ ಅತ್ಯಂತ ಮುಖ್ಯವಾದ ಸಂಗತಿಯಾಗಿ ಕಾಣುತ್ತದೆ.

ಆ ಕ್ರಿಯೆಯನ್ನು ಮೊದಲು ನೋಡೋಣ. ಸಸ್ಯದ ಎಣ್ಣೆಗಳೆಲ್ಲ ಗ್ಲಿಸರಾಲ್‌ಗೆ ಮೂರು ಮೇದಾಮ್ಲಗಳು ಕೂಡಿ ಆದ ಅಣುಗಳು. ಕೊಬ್ಬರಿ ಎಣ್ಣೆಯ ಮೇದಾಮ್ಲಗಳಲ್ಲಿ ದ್ವಿಬಂಧಗಳು, ಅಂದರೆ ಎರಡು ಇಂಗಾಲಗಳ ನಡುವಿನ ಜೋಡಿ ಕೊಂಡಿಗಳು, ತೀರ ಕಡಿಮೆ, ಹಾಗಾಗಿ ಗಾಳಿಯ ಆಮ್ಲಜನಕಕ್ಕೆ ಅಲ್ಲಿ ಹಿಡಿತ ಸಿಗುವುದಿಲ್ಲ. ಅಗಸೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪಾಲು ಲಿನೊಲೆನಿಕ್ ಆಮ್ಲದ್ದು. ಅದರ ಒಂದೊಂದು ಸರಪಣಿಯಲ್ಲಿ ಮೂರು ದ್ವಿಬಂಧಗಳಿರುತ್ತವೆ, ಎರಡು ದ್ವಿಬಂಧಗಳ ನಡುವೆ ಸಿಲುಕಿದ ಇಂಗಾಲದಿಂದ ಜಲಜನಕದ ಪರಮಾಣು ಸುಲಭವಾಗಿ ಕಳಚಿಕೊಳ್ಳುತ್ತದೆ. ಆ ತೆರವಾದ ಜಾಗಕ್ಕೆ ಆಮ್ಲಜನಕ ಬಂದು ಪೆರಾಕ್ಸೈಡ್ ಆಗುತ್ತದೆ, ಪೆರಾಕ್ಸೈಡ್ ಒಡೆದು ಪಕ್ಕದ ಅಣುವನ್ನು ಹಿಡಿಯುತ್ತದೆ, ಅದು ಮತ್ತೊಂದನ್ನು ಹಿಡಿಯುತ್ತದೆ, ಹೀಗೆ ದ್ರವವಾಗಿದ್ದ ಎಣ್ಣೆ ಅಣುಗಳ ಒಂದೇ ಬಲೆಯಾಗಿ ಹೆಣೆದುಕೊಳ್ಳುತ್ತದೆ. ನಾವು ಇದನ್ನು ಒಣಗುವುದು ಎಂದು ಕರೆದರೂ ಇಲ್ಲಿ ಆರಿಹೋಗುವುದು ಅತ್ಯಲ್ಪ. ಎಣ್ಣೆ ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ ಅದರ ತೂಕ ಹೆಚ್ಚುತ್ತದೆ.

ಈ ರಸಾಯನಶಾಸ್ತ್ರ ಯಾರಿಗೂ ತಿಳಿಯದ ಕಾಲದಲ್ಲೂ ಸಮುದ್ರದ ಅಂಚಿನ ಜನರು ನೀರನ್ನು ತಡೆಯುವ ದಾರಿಗಳನ್ನು ಕಂಡುಕೊಂಡಿದ್ದರು. ಐಸ್‌ಲೆಂಡಿನ ಮೀನುಗಾರರು ಕುರಿ ಮತ್ತು ಕರುವಿನ ಚರ್ಮದಿಂದ ಹೊಲಿದ ಅಂಗಿ, ಷರಾಯಿಗಳಿಗೆ ಮೀನಿನ ಯಕೃತ್ತಿನ ಎಣ್ಣೆಯನ್ನು ತಿಕ್ಕಿ ತಿಕ್ಕಿ ಹದಮಾಡಿ ತೆರೆದ ದೋಣಿಗಳಲ್ಲಿ ತೊಡುತ್ತಿದ್ದರು. ಅಲಾಸ್ಕಾದ ಕರಾವಳಿಯ ಮತ್ತು ಅಲ್ಯೂಷನ್ ದ್ವೀಪಗಳ ಜನರು ಸೀಲ್ ಮತ್ತು ಕಡಲಸಿಂಹಗಳ ಕರುಳನ್ನು ಸೀಳಿ ಪಟ್ಟಿಗಳಾಗಿ ಜೋಡಿಸಿ, ಪ್ರಾಣಿಗಳ ಸ್ನಾಯುರಜ್ಜುವಿನ ದಾರದಿಂದ ಹೊಲಿದು ಹಗುರವಾದ ಮೇಲಂಗಿ ಮಾಡುತ್ತಿದ್ದರು. ಒದ್ದೆಯಾದಾಗ ಆ ದಾರ ಉಬ್ಬಿ ಸೂಜಿಯ ತೂತುಗಳನ್ನು ತಾನೇ ಮುಚ್ಚುತ್ತಿತ್ತು. ಜಲನಿರೋಧಕ ಉಡುಪಿನಲ್ಲಿ ನೀರು ಮೊದಲು ನುಗ್ಗುವುದು ಹೊಲಿಗೆಯ ಜಾಗದಲ್ಲಿ ಎಂಬ ತಿಳಿವಳಿಕೆ ಇಷ್ಟು ಸೂಕ್ಷ್ಮವಾಗಿ ಕಾಣುವುದು ಅಪರೂಪ.

ಯುರೋಪಿನ ಹಾಯಿಹಡಗುಗಳಲ್ಲಿ ಆಯಿಲ್‌ಸ್ಕಿನ್ ಹುಟ್ಟಿದ್ದು ಹಾಯಿಯಿಂದ. ಒದ್ದೆಯಾದ ಹಾಯಿಯ ನೂಲುಗಳು ಉಬ್ಬಿ ಸಂದುಗಳು ಮುಚ್ಚುವುದರಿಂದ ಅದು ಗಾಳಿಯನ್ನು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ, ಆದರೆ ನೀರು ಕುಡಿದ ಹಾಯಿಯ ಭಾರ ಹಡಗಿಗೆ ಹೊರೆ. ಸಂದುಗಳನ್ನು ಎಣ್ಣೆಯಿಂದ ಮುಚ್ಚಿದರೆ ಈ ಹೊರೆಯಿಲ್ಲದೆ ಅದೇ ಲಾಭ ಸಿಗುತ್ತದೆ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಅರ್ಬ್ರೋತ್ ಪಟ್ಟಣದಲ್ಲಿ 1795ರಲ್ಲಿ ಆರಂಭವಾದ ಫ್ರಾನ್ಸಿಸ್ ವೆಬ್‌ಸ್ಟರ್ ಸಂಸ್ಥೆ ಅಗಸೆ ಎಣ್ಣೆ ಹಾಕಿದ ಲಿನನ್ ಹಾಯಿಬಟ್ಟೆಗೆ ಹೆಸರಾಯಿತು. ಲಿನನ್ ನಾರು ಸಿಗುವುದು ಅಗಸೆಯ ಕಾಂಡದಿಂದ, ಎಣ್ಣೆ ಅದರ ಬೀಜದಿಂದ, ಅಂದರೆ ಬಟ್ಟೆ ಮತ್ತು ಲೇಪ ಎರಡೂ ಒಂದೇ ಗಿಡದ ಕೊಡುಗೆ. ಹರಿದ ಹಾಯಿಯನ್ನು ಕತ್ತರಿಸಿ ಹೆಗಲ ಮೇಲೆ ಹೊದೆಯುತ್ತಿದ್ದ ನಾವಿಕರಿಗೆ ಎಣ್ಣೆಹಾಯಿಯ ತುಂಡು ಮಳೆಗೂ ಅಲೆಯ ಸಿಂಪಡಿಕೆಗೂ ಒದಗುವುದು ಬೇಗ ತಿಳಿಯಿತು.

ಈ ಎಣ್ಣೆಗೆ ನಮ್ಮ ನೆಲದ ನಂಟೂ ಇದೆ. ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆ ಚಟ್ನಿಪುಡಿಯಾಗಿ ಬಳಕೆಯಲ್ಲಿರುವ ಅಗಸೆಯನ್ನು ಭಾರತದಲ್ಲಿ ನಾರಿಗಿಂತ ಬೀಜಕ್ಕಾಗಿಯೇ ಬೆಳೆಯುತ್ತ ಬಂದಿದ್ದಾರೆ. 19ನೇ ಶತಮಾನದಲ್ಲಿ ಬ್ರಿಟನ್ನಿನ ಗಾಣಗಳಿಗೆ ಅಗಸೆ ಬೀಜ ಕಳುಹಿಸುತ್ತಿದ್ದ ದೊಡ್ಡ ಮೂಲಗಳಲ್ಲಿ ರಷ್ಯಾದ ಜೊತೆಗೆ ಭಾರತವೂ ಒಂದಾಗಿತ್ತು. ಬಣ್ಣ, ವಾರ್ನಿಷ್, ನೆಲಹಾಸು ಮತ್ತು ಎಣ್ಣೆಬಟ್ಟೆ ಇವೆಲ್ಲಕ್ಕೂ ಬೇಕಾದ ಸರಕು ಅದು.

ಕಾರ್ಖಾನೆಯ ಆಯಿಲ್‌ಸ್ಕಿನ್ ಬರುವುದಕ್ಕೆ ಮೊದಲೂ, ಬಂದ ಮೇಲೆ ಎಷ್ಟೋ ವರ್ಷವೂ, ಇಂದಿನ ಕೆನಡಾದ ನ್ಯೂಫೌಂಡ್‌ಲೆಂಡಿನಂಥ ಕಡೆಯ ಮೀನುಗಾರ ಊರುಗಳಲ್ಲಿ ಇದನ್ನು ಮನೆಯ ಹೆಂಗಸರೇ ತಯಾರಿಸುತ್ತಿದ್ದರು. ಕೋರಾ ಬಟ್ಟೆಯಲ್ಲಿ ಅಂಗಿಯನ್ನು ಮೊದಲು ಪೂರ್ತಿ ಹೊಲಿದು ಆಮೇಲೆ ಎಣ್ಣೆ ಕುಡಿಸುವುದು ಕ್ರಮ, ಏಕೆಂದರೆ ಆಗ ಹೊಲಿಗೆಯ ತೂತುಗಳೂ ಎಣ್ಣೆಯಲ್ಲಿ ಮುಚ್ಚಿಹೋಗುತ್ತವೆ. ಎಣ್ಣೆಯನ್ನು ತೆಳುವಾಗಿ ತಿಕ್ಕಿ, ಮಡಿಕೆ ಬೀಳದಂತೆ ಗಾಳಿಯಾಡುವ ಜಾಗದಲ್ಲಿ ನೇತುಹಾಕಿ, ದಿನಗಟ್ಟಲೆ ಕಾದು, ಎರಡನೆಯ ಮತ್ತು ಮೂರನೆಯ ಲೇಪ ಹಾಕಬೇಕು. ಅವಸರಪಟ್ಟು ಒಮ್ಮೆಲೇ ದಪ್ಪಗೆ ಬಳಿದರೆ ಮೇಲ್ಭಾಗ ಮಾತ್ರ ಕೆನೆಗಟ್ಟಿ, ಆ ಕೆನೆಯೇ ಆಮ್ಲಜನಕವನ್ನು ತಡೆದು, ಕೆಳಗಿನ ಎಣ್ಣೆ ಹಸಿಯಾಗಿಯೇ ಉಳಿಯುತ್ತದೆ. ಅಂಥ ಅಂಗಿ ಎಷ್ಟು ಕಾಲವಾದರೂ ಮೈಗೆ ಅಂಟುವುದನ್ನು ಬಿಡುವುದಿಲ್ಲ. ರಸಾಯನಶಾಸ್ತ್ರದ ಪುಸ್ತಕಗಳು ಕ್ರಿಯೆಯ ಹಂತಗಳನ್ನು ಬರೆದಿಡುವ ಮೊದಲೇ ಈ ಹೆಂಗಸರ ಕೈಗಳಿಗೆ ಅದು ಗೊತ್ತಿತ್ತು, ಮತ್ತು ಅವರ ಹೆಸರು ಯಾವ ಪೇಟೆಂಟಿನಲ್ಲೂ ಇಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ಇದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವರಲ್ಲಿ ನಾರ್ವೆಯ ಹಡಗಿನ ಕಪ್ತಾನ ಹೆಲಿ ಯುಯೆಲ್ ಹಾನ್ಸೆನ್ ಪ್ರಮುಖ. ಹಲವು ವರ್ಷ ಸಮುದ್ರದಲ್ಲಿ ನೆನೆದ ಆತ 1877ರಲ್ಲಿ ಹೆಂಡತಿ ಮಾರೆನ್ ಮಾರ್ಗರೆತೆಯ ಜೊತೆಗೂಡಿ ಮಾಸ್ ಪಟ್ಟಣದಲ್ಲಿ ಒರಟು ಲಿನನ್ ಬಟ್ಟೆಗೆ ಅಗಸೆ ಎಣ್ಣೆ ಕುಡಿಸಿದ ಅಂಗಿ, ಷರಾಯಿ, ಹೊದಿಕೆಗಳನ್ನು ತಯಾರಿಸತೊಡಗಿದ. ಮರುವರ್ಷ ಪ್ಯಾರಿಸ್ಸಿನ ಜಾಗತಿಕ ಪ್ರದರ್ಶನದಲ್ಲಿ ಅವುಗಳಿಗೆ ಪ್ರಶಸ್ತಿಪತ್ರ ದೊರೆಯಿತು, ಮೊದಲ ಐದು ವರ್ಷಗಳಲ್ಲಿ ಸುಮಾರು 10,000 ಉಡುಪು-ಹೊದಿಕೆಗಳು ಮಾರಾಟವಾದವು. ಇಂಗ್ಲೆಂಡಿನ ಸೌತ್ ಷೀಲ್ಡ್ಸ್ ಬಂದರಿನಲ್ಲಿ 1894ರಲ್ಲಿ ಜಾನ್ ಬಾರ್ಬರ್ ಇಂಥದೇ ಅಂಗಡಿ ತೆರೆದ. ಅಮೆರಿಕದ ಬಾಸ್ಟನ್ನಿನಲ್ಲಿ ಟವರ್ ಸಂಸ್ಥೆ ಮೀನುಗಾರರ ಅಂಗಿಯನ್ನೇ ಉದ್ದ ಮಾಡಿ, ಕುದುರೆಯ ಜೀನನ್ನೂ ಸವಾರನ ಕಾಲುಗಳನ್ನೂ ಮುಚ್ಚುವಂತೆ ಹಿಂಬದಿಯನ್ನು ಸೀಳಿ, ಒಳನಾಡಿನ ದನಗಾಹಿಗಳಿಗೆ ಮಾರಿತು. ಆಸ್ಟ್ರೇಲಿಯದ ಕುರುಬರೂ ದನಗಾಹಿಗಳೂ ತೊಡುವ ಉದ್ದನೆಯ ಕಂದು ಕೋಟಿನ ಮೂಲವೂ ಹಾಯಿಬಟ್ಟೆ ಮತ್ತು ಅಗಸೆ ಎಣ್ಣೆಯೇ.

ಕಾರ್ಖಾನೆಗೆ ದಿನಗಟ್ಟಲೆ ಕಾಯುವ ವ್ಯವಧಾನವಿರಲಿಲ್ಲ. ಸೀಸ ಅಥವಾ ಮ್ಯಾಂಗನೀಸಿನ ಸಂಯುಕ್ತಗಳನ್ನು ಬೆರೆಸಿ ಕಾಯಿಸಿದ ಎಣ್ಣೆ ಬೇಗ ಗಟ್ಟಿಯಾಗುತ್ತದೆ, ಏಕೆಂದರೆ ಈ ಲೋಹಗಳು ಪೆರಾಕ್ಸೈಡುಗಳನ್ನು ಒಡೆಯುವ ಕೆಲಸವನ್ನು ಚುರುಕುಗೊಳಿಸುತ್ತವೆ. ಆದರೆ ಪೊರೆ ಕಟ್ಟಿದ ಮೇಲೂ ಲೋಹ ಬಟ್ಟೆಯಲ್ಲೇ ಉಳಿದು ಅದೇ ಕೆಲಸವನ್ನು ಮುಂದುವರಿಸುತ್ತದೆ. ಬಂಧಗಳು ಬಿಗಿಯಾಗುತ್ತ ಹೋಗಿ ಪೊರೆ ಗಡುಸಾಗುತ್ತದೆ, ಮೊಣಕೈ ಮತ್ತು ಹೆಗಲಿನ ಮಡಿಕೆಗಳಲ್ಲಿ ಬಿರುಕು ಬಿಡುತ್ತದೆ. ಇನ್ನೊಂದು ಕಡೆ, ಒಡೆದ ಅಣುಗಳ ಚೂರುಗಳು ಸೆಕೆಯಲ್ಲಿ ಮೃದುವಾಗಿ ಪೊರೆಯನ್ನು ಅಂಟಂಟಾಗಿಸುತ್ತವೆ. ಉಷ್ಣವಲಯವನ್ನು ದಾಟಿ ಹೋಗುವ ಹಡಗುಗಳಲ್ಲಿ ಮಡಿಸಿಟ್ಟ ಆಯಿಲ್‌ಸ್ಕಿನ್ ಒಂದೇ ಮುದ್ದೆಯಾಗಿ ಅಂಟಿಕೊಂಡು, ಬಿಡಿಸಲು ಹೋದರೆ ಲೇಪ ಕಿತ್ತುಬರುತ್ತಿತ್ತು.

ಇದಕ್ಕಿಂತ ದೊಡ್ಡ ಅಪಾಯ ಬೆಂಕಿಯದು. ಆಮ್ಲಜನಕದೊಡನೆ ನಡೆಯುವ ಈ ಕ್ರಿಯೆ ಶಾಖವನ್ನು ಹೊರಬಿಡುತ್ತದೆ. ತೆರೆದು ನೇತುಹಾಕಿದ ಅಂಗಿಯಿಂದ ಶಾಖ ಗಾಳಿಗೆ ಸೇರಿಹೋಗುತ್ತದೆ. ಪೂರ್ತಿ ಒಣಗದ ಅಂಗಿಗಳನ್ನು ಒಂದರ ಮೇಲೊಂದು ಒಟ್ಟಿ ಪೆಟ್ಟಿಗೆಯಲ್ಲಿ ತುಂಬಿದರೆ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ಬಿಸಿ ಏರಿದಂತೆ ಕ್ರಿಯೆಯ ವೇಗವೂ ಏರುತ್ತದೆ, ವೇಗ ಏರಿದಂತೆ ಬಿಸಿ ಇನ್ನೂ ಏರುತ್ತದೆ, ಕೊನೆಗೆ ಯಾರೂ ಕಿಡಿ ತಾಗಿಸದೆಯೇ ಹತ್ತಿ ಹೊತ್ತಿಕೊಳ್ಳುತ್ತದೆ. ಎಣ್ಣೆ ಹಾಕಿದ ಬಟ್ಟೆ ಇಂದಿಗೂ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ 1373 ಎಂಬ ಸಂಖ್ಯೆಯಡಿ, ತಾನಾಗಿ ಉರಿಯಬಲ್ಲ ವಸ್ತುಗಳ ವರ್ಗದಲ್ಲಿದೆ.

ತೊಟ್ಟವರ ಮೈ ಅನುಭವಿಸಿದ್ದು ಬೇರೆಯದೇ ಸಂಕಟ. ಹೊರಗಿನ ನೀರನ್ನು ತಡೆಯುವ ಪೊರೆ ಒಳಗಿನ ಬೆವರಿನ ಆವಿಯನ್ನೂ ತಡೆಯುತ್ತದೆ. ಬಲೆ ಎಳೆಯುವಂಥ ಕೆಲಸದಲ್ಲಿ ಗಂಟೆಗೆ ಅರ್ಧ ಲೀಟರಿಗೂ ಮೀರಿ ಬೆವರು ಬರಬಹುದು, ಆದ್ದರಿಂದ ಒದ್ದೆಯಾದರೂ ಬೆಚ್ಚಗಿರುವ ಉಣ್ಣೆಯ ಬಟ್ಟೆಯನ್ನು ಒಳಗೆ ತೊಡುವುದು ಅನಿವಾರ್ಯವಾಗಿತ್ತು. ಗಡುಸಾದ ತೋಳಿನ ಅಂಚು ಉಪ್ಪುನೀರಿನಲ್ಲಿ ನೆನೆದ ಮಣಿಕಟ್ಟನ್ನು ದಿನವಿಡೀ ಉಜ್ಜುತ್ತಿತ್ತು. ಉಜ್ಜಿದಲ್ಲಿ ಎದ್ದ ಕುರುಗಳು ಮೀನಿನ ಕೊಳೆ ತಾಗಿ ಕೀವುಗಟ್ಟುತ್ತಿದ್ದವು. ನ್ಯೂಫೌಂಡ್‌ಲೆಂಡಿನ ಮೀನುಗಾರರು ಇದನ್ನು ತಡೆಯಲು ಮಣಿಕಟ್ಟಿಗೆ ಹಿತ್ತಾಳೆಯ ಸಣ್ಣ ಸರಪಣಿ ಕಟ್ಟಿಕೊಳ್ಳುತ್ತಿದ್ದರು. ಟೊಪ್ಪಿಗೆಯ ವಿನ್ಯಾಸದಲ್ಲಿ ಮಾತ್ರ ಒಳ್ಳೆಯ ಜಾಣ್ಮೆ ಕೆಲಸ ಮಾಡಿತ್ತು: ಸೌವೆಸ್ಟರ್ ಎಂಬ ಆ ಟೊಪ್ಪಿಗೆಯ ಅಂಚು ಮುಂದೆ ಗಿಡ್ಡ, ಹಿಂದೆ ಉದ್ದ, ಹಾಗಾಗಿ ತಲೆಯ ಮೇಲೆ ಬಿದ್ದ ನೀರು ಕತ್ತಿನೊಳಗೆ ಇಳಿಯದೆ ಕೊರಳಪಟ್ಟಿಯ ಹೊರಗೆ ಸುರಿಯುತ್ತದೆ.

ಇಷ್ಟೆಲ್ಲ ತೊಂದರೆಯಿದ್ದರೂ ರಬ್ಬರಿನ ಕೋಟು ಆಯಿಲ್‌ಸ್ಕಿನ್ನನ್ನು ಬೇಗ ಹಿಂದೆ ತಳ್ಳಲಿಲ್ಲ. ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟೋಷ್ 1823ರಲ್ಲೇ ಕಲ್ಲಿದ್ದಲ ಟಾರಿನಿಂದ ಬಂದ ನಾಫ್ತಾದಲ್ಲಿ ರಬ್ಬರನ್ನು ಕರಗಿಸಿ ಎರಡು ಬಟ್ಟೆಗಳ ನಡುವೆ ಹಚ್ಚುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಚಳಿಯಲ್ಲಿ ಸೆಟೆದು ಬಿಸಿಯಲ್ಲಿ ಅಂಟುವ ಅದರ ದೋಷವನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ಗಂಧಕದ ಸಂಸ್ಕರಣೆ ಬಹುಮಟ್ಟಿಗೆ ನೀಗಿಸಿತು. ಆದರೂ ಮೀನಿನ ಎಣ್ಣೆ ತಾಗಿದ ನೈಸರ್ಗಿಕ ರಬ್ಬರು ಉಬ್ಬಿ ಕೆಡುತ್ತದೆ, ಬೆಲೆಯೂ ಹೆಚ್ಚು. ಆಯಿಲ್‌ಸ್ಕಿನ್ ಹಳತಾದರೆ ಮೀನುಗಾರ ಮನೆಯಲ್ಲೇ ಮತ್ತೊಂದು ಲೇಪ ಬಳಿದುಕೊಳ್ಳಬಹುದಿತ್ತು. ದುಡಿಯುವವನ ಕೈಗೆ ದುರಸ್ತಿ ಎಟುಕುತ್ತಿದ್ದುದೇ ಅದರ ದೀರ್ಘಾಯುಷ್ಯಕ್ಕೆ ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ.

ಎಣ್ಣೆಯ ಜಾಗಕ್ಕೆ ಮೊದಲು ಬಂದದ್ದು ಮೇಣ. 1930ರ ದಶಕದಲ್ಲಿ ತಾಮ್ರ ಮತ್ತು ಅಮೋನಿಯದ ದ್ರಾವಣದಲ್ಲಿ ಸಂಸ್ಕರಿಸಿದ ಹತ್ತಿಗೆ ಪ್ಯಾರಫಿನ್ ಮೇಣ ತುಂಬುವ ವಿಧಾನ ಬ್ರಿಟನ್ನಿನಲ್ಲಿ ರೂಢಿಗೆ ಬಂತು. ಪ್ಯಾರಫಿನ್ನಿನಲ್ಲಿ ದ್ವಿಬಂಧಗಳೇ ಇಲ್ಲದಿರುವುದರಿಂದ ಅದು ಆಮ್ಲಜನಕದೊಡನೆ ಹೆಣೆದುಕೊಳ್ಳುವುದಿಲ್ಲ, ಗಡುಸಾಗುವುದಿಲ್ಲ, ತಾನಾಗಿ ಕಾಯುವುದೂ ಇಲ್ಲ. ತಾಮ್ರ ಬೂಷ್ಟನ್ನು ದೂರವಿಟ್ಟಿತು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಬ್ರಿಟಿಷ್ ನೌಕಾಪಡೆಯ ಎಚ್‌ಎಂಎಸ್ ಅರ್ಸುಲಾ ಜಲಾಂತರ್ಗಾಮಿಯ ನಾಯಕ ಜಾರ್ಜ್ ಫಿಲಿಪ್ಸ್, ಮೋಟಾರ್‌ಸೈಕಲ್ ಸವಾರರ ಇಂಥ ಮೇಣಬಟ್ಟೆಯ ಉಡುಪನ್ನು ನೋಡಿ, ಅದನ್ನು ಅಂಗಿ ಮತ್ತು ಷರಾಯಿಯಾಗಿ ಬಾರ್ಬರ್ ಸಂಸ್ಥೆಯಿಂದ ಮಾಡಿಸಿದ. ಅರ್ಸುಲಾ ಸೂಟ್ ಎಂದೇ ಅದು ಹೆಸರಾಗಿ ಜಲಾಂತರ್ಗಾಮಿಗಳ ಸಿಬ್ಬಂದಿಯಲ್ಲಿ ಬಳಕೆಗೆ ಬಂತು.

ಮೀನುಗಾರಿಕೆಯ ದೋಣಿಗಳಿಂದ ಆಯಿಲ್‌ಸ್ಕಿನ್ನನ್ನು ನಿಜವಾಗಿ ಹೊರಗೆ ಹಾಕಿದ್ದು ಪಿವಿಸಿ. ಗೂಡ್ರಿಚ್ ಕಂಪನಿಯ ವಾಲ್ಡೊ ಸೆಮನ್ 1926ರಲ್ಲಿ ಬಿರುಸಾದ ಆ ಪ್ಲಾಸ್ಟಿಕ್ಕಿಗೆ ಮೆದುಕಾರಕ ದ್ರವಗಳನ್ನು ಬೆರೆಸಿ ಬಾಗುವಂತೆ ಮಾಡಿದ್ದ, ಮಹಾಯುದ್ಧದ ನಂತರ ಅದು ಮಳೆ ಉಡುಪಿಗೆ ಇಳಿಯಿತು. ಇದರ ಅಂಚುಗಳನ್ನು ಅಧಿಕ ಕಂಪನಾಂಕದ ವಿದ್ಯುತ್ತಿನಿಂದ ಕಾಯಿಸಿ ಬೆಸೆಯಬಹುದು, ಹೀಗಾಗಿ ಸೂಜಿಯ ತೂತುಗಳ ಹಳೆಯ ಸಮಸ್ಯೆಯೇ ಇಲ್ಲವಾಯಿತು. ಫ್ರಾನ್ಸಿನ ಕಾಂಕಾರ್ನೊ ಬಂದರಿನಲ್ಲಿ 1964ರಲ್ಲಿ ಶುರುವಾದ ಗೀ ಕೊತೆನ್ ಸಂಸ್ಥೆಯೂ, 1911ರಿಂದ ಆಯಿಲ್‌ಸ್ಕಿನ್ ಮಾಡುತ್ತಿದ್ದ ಸ್ವೀಡನ್ನಿನ ಗ್ರುಂಡೆನ್ಸ್ ಸಂಸ್ಥೆಯೂ ಈ ದಾರಿ ಹಿಡಿದವು. ಅಗಸೆ ಎಣ್ಣೆ ಸಹಜವಾಗಿ ಕೊಡುತ್ತಿದ್ದ ಹಳದಿಯನ್ನು ಈಗ ಬಣ್ಣವಾಗಿ ಬೆರೆಸುತ್ತಾರೆ, ಮಂಜು ಕವಿದ ಸಮುದ್ರದಲ್ಲಿ ಅದು ದೂರಕ್ಕೆ ಕಾಣುತ್ತದೆ. ಬೆವರಿನ ಆವಿಯನ್ನು ಹೊರಬಿಡುವ ನವೀನ ಪೊರೆಗಳು 1970ರ ದಶಕದಿಂದ ಪರ್ವತಾರೋಹಿಗಳಿಗೆ ಸಿಕ್ಕಿದರೂ, ಮೀನಿನ ಕೊಬ್ಬು, ಚಿಪ್ಪು ಮತ್ತು ಚಾಕುವಿನ ನಡುವೆ ಅವು ಬಾಳುವುದಿಲ್ಲ. ಪೈಪಿನಿಂದ ನೀರು ಬಿಟ್ಟು ತೊಳೆಯಬಹುದಾದ ದಪ್ಪ ಪಿವಿಸಿಯನ್ನೇ ಮೀನುಗಾರರು ಬಯಸುತ್ತಾರೆ. ಅದರ ಮೆದುಕಾರಕ ದ್ರವವನ್ನೂ ಮೀನಿನ ಎಣ್ಣೆ ಮೆಲ್ಲನೆ ಹೊರಗೆಳೆದು ಬಟ್ಟೆಯನ್ನು ಗಡುಸಾಗಿಸುವುದರಿಂದ, ಮೀನು ಹಸನುಮಾಡುವ ಜಾಗಗಳಿಗೆಂದು ತಯಾರಿಸುವ ಉಡುಪುಗಳಲ್ಲಿ ಎಣ್ಣೆಯನ್ನು ತಾಳಿಕೊಳ್ಳುವ ನೈಟ್ರೈಲ್ ರಬ್ಬರನ್ನು ಪಿವಿಸಿಯ ಜೊತೆ ಬೆರೆಸುತ್ತಾರೆ.